ಉಚಿತವಾಗಿ ಬಂದ ದಪ್ಪ ಕಾಗದ

ಇಂದ: ಜೀನ್ಸ್ ಹೊಲಿಗೆ ಘಟಕದ ಮಾಲೀಕ, ಕೌಲ್ ಬಜಾರ್, ಬಳ್ಳಾರಿ

ಗೆ: ವ್ಯವಸ್ಥಾಪಕರು, ಆಫ್‌ಸೆಟ್ ಮುದ್ರಣಾಲಯ, ಬಳ್ಳಾರಿ

ವಿಷಯ: 650 ಕ್ಯಾಟಲಾಗ್‌ಗಳ ಕಾಗದ ಮತ್ತು ಫಿನಿಶಿಂಗ್ ಅನ್ನು ಕೇಳದೆ ಬದಲಿಸಿದ್ದು, ಅದರಿಂದ ಅಂಚೆ ಖರ್ಚು ಏರಿದ್ದು

ಮಾನ್ಯರೇ,

ನಾಲ್ಕು ವರ್ಷದಿಂದ ನಮ್ಮ ಟ್ಯಾಗು, ಬಿಲ್ ಪುಸ್ತಕ ಎಲ್ಲ ನಿಮ್ಮಲ್ಲೇ ಆಗುತ್ತಿವೆ. ಇಲ್ಲಿಯವರೆಗೆ ಬರೆದು ದೂರು ಕೊಟ್ಟವನಲ್ಲ. ಏನಾದರೂ ಹೆಚ್ಚುಕಡಿಮೆ ಆದರೆ ಬಂದು ಕೂತು, ಚಹಾ ಕುಡಿದು, ಜಗಳ ಮುಗಿಸಿಕೊಂಡು ಹೋಗುತ್ತಿದ್ದೆ. ಈ ಸಲ ಮೂರು ಬಾರಿ ಬಂದರೂ ಸಿಕ್ಕಿದ್ದು ಒಂದೇ ಉತ್ತರ: "ಸರ್, ನಿಮಗೆ ಒಳ್ಳೇದೇ ಮಾಡಿದೀವಲ್ಲ." ಆ ಒಳ್ಳೇದರ ಲೆಕ್ಕವನ್ನು ಕಾಗದದ ಮೇಲೆ ಇಡೋಣ ಅಂತ ಈ ಪತ್ರ.

ಆರ್ಡರ್‌ನಲ್ಲಿ ಏನಿತ್ತು ಅಂತ ನಿಮ್ಮ ಕೊಟೇಶನ್ ತೆಗೆದು ನೋಡಿ. ಎ5 ಅಳತೆ, ಒಟ್ಟು 16 ಪುಟ, ನಡುವೆ ಪಿನ್. ಒಳಪುಟ 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಮ್ ತೂಗುತ್ತದೆ ಅನ್ನುವ ಲೆಕ್ಕ) ಆರ್ಟ್ ಪೇಪರ್, ಕವರ್ ಪುಟ 220 ಜಿಎಸ್‌ಎಂ. ಕವರ್‌ನ ಹೊರಮೈಗೆ ಮಾತ್ರ ಮ್ಯಾಟ್ ಲ್ಯಾಮಿನೇಷನ್, ಅಂದರೆ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಫಿಲ್ಮು. ಹಿಂದಿನ ಕವರ್‌ನ ಒಳಮೈ ಸಾದಾ ಇರಬೇಕು, ಏಕೆಂದರೆ ಅಲ್ಲಿ ಆರ್ಡರ್ ಬರೆಯುವ ಚೌಕಗಳಿವೆ.

ಬಂದದ್ದು ಬೇರೆ. ಒಳಪುಟ 130, ಕವರ್ 300 ಜಿಎಸ್‌ಎಂ. ಲ್ಯಾಮಿನೇಷನ್ ಬದಲು ಕವರ್‌ನ ಎರಡೂ ಮೈಗೆ ಯುವಿ ಕೋಟಿಂಗ್, ಅಂದರೆ ಹೊಳೆಯುವ ವಾರ್ನಿಷ್ ಪದರ. 100ರ ಕಾಗದ ಸ್ಟಾಕ್ ಇರಲಿಲ್ಲ, ಅದಕ್ಕೆ ಅದೇ ರೇಟಿಗೆ ದಪ್ಪದ್ದು ಹಾಕಿದೆವು ಅಂದಿರಿ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ, ಗೊತ್ತು. ಆದರೆ ಈ ಎಮ್ಮೆಗೆ ಮೇವು ಹಾಕಿದವನು ನಾನು.

ಆ 100 ಮತ್ತು 220 ಅನ್ನುವ ಅಂಕಿಗಳನ್ನು ನಾನು ಸುಮ್ನೆ ಬರೆಸಿದ್ದಲ್ಲ. ಕ್ಯಾಟಲಾಗ್ ಪರಊರಿನ ಅಂಗಡಿಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಬೇಕಿತ್ತು, ಅಲ್ಲಿ ತೂಕ ನೋಡಿ ದರ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ಗೆ ಸೇರಿಹೋಯ್ತು. ಅದೇ ವರ್ಷ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನ ಹೊಸ ದರ ಬಂತು. ಪರಊರಿಗೆ 50 ಗ್ರಾಮ್ ತನಕ 47 ರೂಪಾಯಿ, ಊರು ಎಷ್ಟೇ ದೂರ ಇರಲಿ. 50 ದಾಟಿತೋ, 250 ಗ್ರಾಮ್‌ವರೆಗೆ ಇನ್ನೊಂದು ಸ್ಲ್ಯಾಬ್: 200 ಕಿಲೋಮೀಟರ್ ಒಳಗೆ 59, ಅಲ್ಲಿಂದ 500 ಕಿಲೋಮೀಟರ್‌ವರೆಗೆ 63. ಇದಕ್ಕೆ ಜಿಎಸ್‌ಟಿ ಬೇರೆ. ಸಾದಾ ಅಂಚೆ ಅಗ್ಗ, ನಿಜ. ಹಿಂದೊಮ್ಮೆ ಹಾಗೆ ಕಳಿಸಿದ್ದೆ. ಅರ್ಧ ಅಂಗಡಿಯವರು "ಯಾವ ಕ್ಯಾಟಲಾಗು?" ಅಂದರು. ವಾಟ್ಸಾಪ್‌ನಲ್ಲಿ ಫೋಟೋ ಹಾಕಿದರೆ ಸಾಲದೇ ಅಂತ ನೀವೂ ಕೇಳಿದಿರಿ. ಫೋಟೋ ಎರಡು ದಿನಕ್ಕೆ ಮೇಲೆ ಹೋಗುತ್ತದೆ. ಪುಸ್ತಕ ಗಲ್ಲಾಪೆಟ್ಟಿಗೆ ಪಕ್ಕ ಸೀಸನ್ ಮುಗಿಯುವ ತನಕ ಇರುತ್ತದೆ.

ಅದಕ್ಕೇ ಮೊದಲೇ ಲೆಕ್ಕ ಹಾಕಿದ್ದು. ಎ5 ಹಾಳೆ 32 ಸೇರಿದರೆ ಒಂದು ಚದರ ಮೀಟರ್. ಒಳಗಿನ ಆರು ಹಾಳೆ 100 ಜಿಎಸ್‌ಎಂನಲ್ಲಿ ಸುಮಾರು 19 ಗ್ರಾಮ್, ಕವರ್‌ನ ಎರಡು ಹಾಳೆ 14 ಗ್ರಾಮ್. ಲ್ಯಾಮಿನೇಷನ್ ಫಿಲ್ಮು, ಲಕೋಟೆ, ಒಂದು ದರಪಟ್ಟಿ ಎಲ್ಲ ಸೇರಿ 44. ನಿಮ್ಮ ಹುಡುಗನೇ ಅದೇ ಕಾಗದದ ಡಮ್ಮಿ (ಮಾದರಿ ಪ್ರತಿ) ಮಾಡಿಕೊಟ್ಟು, ನಿಮ್ಮ ತಕ್ಕಡಿಯಲ್ಲೇ ತೂಗಿ ತೋರಿಸಿದ. 50 ಗ್ರಾಮ್ ದಾಟಬಾರದು ಅಂತ ಜಾಬ್ ಕಾರ್ಡ್ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದೂ ಅವನೇ.

ಹೆಡ್ ಪೋಸ್ಟ್ ಆಫೀಸಿಗೆ ಮೂಟೆ ಹೊತ್ತು ಹೋದ ದಿನ ಕೌಂಟರ್‌ನ ತಕ್ಕಡಿ 54 ತೋರಿಸಿತು. ಯಾವುದೋ ಒಂದು ಭಾರ ಇರಬೇಕು ಅಂತ ಇನ್ನೊಂದು ಕೊಟ್ಟೆ. 54. ಒಂದು ಲಕೋಟೆ ಒಡೆದು ದರಪಟ್ಟಿ ತೆಗೆದೆ. ಆಗಲೂ 51ರ ಮೇಲೆ. ಹಿಂದೆ ಸಾಲು ಬೆಳೆಯುತ್ತಿತ್ತು. 600 ಲಕೋಟೆಗೂ ವಿಳಾಸ ಅಂಟಿಸಿಯಾಗಿತ್ತು, ಯುಗಾದಿ ಹತ್ತಿರ ಬಂದಿತ್ತು. ದುಡ್ಡು ಕಟ್ಟಿದೆ. 51 ಗ್ರಾಮ್ ಆದರೂ 250 ಆದರೂ ಅದೇ ರೇಟು ಅಂತ ಗುಮಾಸ್ತರು ಸಮಾಧಾನ ಮಾಡಿದರು. ಮೊದಲೇ ಗೊತ್ತಿದ್ದರೆ ಪ್ರತಿ ಲಕೋಟೆಗೂ ಒಂದು ತುಂಡು ಡೆನಿಮ್ ಬಟ್ಟೆ ಹಾಕಿ ಕಳಿಸುತ್ತಿದ್ದೆ, ದುಡ್ಡಾದರೂ ದುಡಿಯುತ್ತಿತ್ತು.

ರಾಯಚೂರು, ಅನಂತಪುರ ಕಡೆಯ ಹತ್ತಿರದ ಊರುಗಳಿಗೆ 220 ಲಕೋಟೆ, ಒಂದೊಂದಕ್ಕೆ 12 ರೂಪಾಯಿ ಜಾಸ್ತಿ: 2,640. ಕಲಬುರಗಿ, ಬೆಳಗಾವಿ, ಸೊಲ್ಲಾಪುರ ಕಡೆಗೆ 380, ಒಂದೊಂದಕ್ಕೆ 16 ಜಾಸ್ತಿ: 6,080. ಒಟ್ಟು 8,720 ರೂಪಾಯಿ. ಇದರ ಮೇಲಿನ ಜಿಎಸ್‌ಟಿ ಕೇಳುತ್ತಿಲ್ಲ, ಅದನ್ನು ಇನ್‌ಪುಟ್ ಕ್ರೆಡಿಟ್‌ನಲ್ಲಿ ನೋಡಿಕೊಳ್ಳುತ್ತೇನೆ. ಬಳ್ಳಾರಿಯಲ್ಲಿ ಕೈಯಲ್ಲೇ ಹಂಚಿದ 50ರ ಲೆಕ್ಕವೂ ಬೇಡ.

ನಮ್ಮ ಕಸುಬಿನಲ್ಲೂ ಬಟ್ಟೆಯನ್ನು ತೂಕದಿಂದಲೇ ಹೇಳುತ್ತೇವೆ. 10 ಔನ್ಸ್ ಡೆನಿಮ್ ಕೇಳಿದವನಿಗೆ 14 ಔನ್ಸ್ ಹೊಲಿದು ಕೊಟ್ಟು, ಜಾಸ್ತಿ ಬಟ್ಟೆ ಉಚಿತ ಅಂದರೆ, ಬಳ್ಳಾರಿ ಬಿಸಿಲಿನಲ್ಲಿ ಅದನ್ನು ಯಾರು ಹಾಕಿಕೊಳ್ಳುತ್ತಾರೆ?

ಇನ್ನು ಆ ಯುವಿ. ಹೊಳೆಯುತ್ತದೆ, ಒಪ್ಪುತ್ತೇನೆ. ಆದರೆ ಯುವಿ ಪದರ ಗಾಜಿನ ಹಾಗೆ ಗಟ್ಟಿ, ಮಡಿಕೆಯಲ್ಲಿ ಒಡೆಯುತ್ತದೆ. ಲ್ಯಾಮಿನೇಷನ್ ಫಿಲ್ಮ್ ಆಗಿದ್ದರೆ ಬಾಗುತ್ತಿತ್ತು. ಸಾಲದ್ದಕ್ಕೆ 300 ಜಿಎಸ್‌ಎಂ ಕಾಗದವನ್ನು ಕ್ರೀಸಿಂಗ್ ಮಾಡದೆ, ಅಂದರೆ ಮಡಿಕೆಯ ಗೆರೆಯನ್ನು ಮೊದಲೇ ಒತ್ತದೆ, ಹಾಗೇ ಮಡಚಿದ್ದೀರಿ. ಬೆನ್ನಿನುದ್ದಕ್ಕೂ ಕಡುನೀಲಿ ಬಣ್ಣ ಸೀಳಿ ಬಿಳಿ ಕಾಗದ ಇಣುಕುತ್ತಿದೆ. ಜೀನ್ಸ್ ಮೇಲೆ ಅಂಥ ಬಿಳಿ ಗೆರೆ ತರಿಸಲು ನಾವು ವಾಷಿಂಗ್ ಯೂನಿಟ್‌ಗೆ ದುಡ್ಡು ಕೊಡುತ್ತೇವೆ. ಕ್ಯಾಟಲಾಗ್‌ಗೆ ಕೇಳಿರಲಿಲ್ಲ. ಆರ್ಡರ್ ಚೌಕದಲ್ಲಂತೂ ಬಾಲ್‌ಪೆನ್ ಜಾರುತ್ತದೆ. ಬರೆದದ್ದು ಹೆಬ್ಬೆರಳು ತಾಗಿದರೆ ಮೆತ್ತಿಕೊಳ್ಳುತ್ತದೆ. ಸೊಲ್ಲಾಪುರದ ಒಬ್ಬರು ಸೈಜುಗಳನ್ನು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದು ಫೋಟೋ ಕಳಿಸಿದರು.

ಬಣ್ಣದ ಬಗ್ಗೆ ತಕರಾರಿಲ್ಲ. ಮೊಬೈಲ್‌ನಲ್ಲಿ ಕಂಡ ನೀಲಿ ಸಿಎಂವೈಕೆಯಲ್ಲಿ (ಮುದ್ರಣದ ನಾಲ್ಕು ಶಾಯಿಗಳಲ್ಲಿ) ಸ್ವಲ್ಪ ಮಂಕಾಗುತ್ತದೆ ಅಂತ ನಿಮ್ಮ ಡಿಸೈನರ್ ಮೊದಲೇ ಹೇಳಿದ್ದರು, ಹಾಗೇ ಬಂತು. ಕಟಿಂಗ್ ಕೂಡ ನೇರವಾಗಿದೆ. ಕಾಗದ ಸ್ಟಾಕ್ ಇಲ್ಲದಿರುವುದೂ ತಪ್ಪಲ್ಲ. ಒಂದು ಫೋನ್ ಮಾಡಿದ್ದರೆ ನಾಲ್ಕು ದಿನ ಕಾಯುತ್ತಿದ್ದೆ, ಇಲ್ಲಾಂದ್ರೆ ನಾಲ್ಕು ಪುಟ ಕಡಿಮೆ ಮಾಡಿಸುತ್ತಿದ್ದೆ. ಆ ಫೋನ್ ಬರಲಿಲ್ಲ, ಅಲ್ವಾ?

ಮರುಮುದ್ರಣ ಬೇಡ, ಸೀಸನ್ ಹೋಯಿತು. ಬಿಲ್ 26,000 ರೂಪಾಯಿ, ಅದರಲ್ಲಿ 13,000 ಮುಂಗಡ ಕೊಟ್ಟಿದ್ದೇನೆ. ಉಳಿದ 13,000ದಲ್ಲಿ ಅಂಚೆಯ 8,720 ಕಳೆಯಿರಿ. ಮಾಡದ ಲ್ಯಾಮಿನೇಷನ್‌ಗೆ ಪ್ರತಿ ಕಾಪಿಗೆ 3 ರೂಪಾಯಿಯಂತೆ ಬಿಲ್‌ನಲ್ಲಿ ಸೇರಿಸಿರುವ 1,950 ಕಳೆಯಿರಿ. ಉಳಿಯುವುದು 2,330. ಅಂಚೆಯ ರಸೀದಿ, ಡಮ್ಮಿ ಮತ್ತು ಬೆನ್ನು ಒಡೆದ ಎರಡು ಪ್ರತಿ ಜೊತೆಗಿಟ್ಟಿದ್ದೇನೆ. ಕೆಂಪು ಶಾಯಿಯ ಜಾಬ್ ಕಾರ್ಡ್ ನಿಮ್ಮಲ್ಲೇ ಇದೆ.

ತಿದ್ದಿದ ಬಿಲ್ ಕಳಿಸಿದ ದಿನವೇ 2,330 ರೂಪಾಯಿ ನಿಮ್ಮ ಖಾತೆಗೆ ಹಾಕುತ್ತೇನೆ. ದೀಪಾವಳಿಯ ಟ್ಯಾಗ್ ಆರ್ಡರ್ ಎಲ್ಲಿ ಕೊಡಬೇಕು ಅನ್ನುವುದನ್ನು ಅದಾದ ಮೇಲೆ ಯೋಚಿಸುತ್ತೇನೆ.

ಇಂತಿ ನಿಮ್ಮ ಗ್ರಾಹಕ,
(ಸಹಿ)