ಫ್ಯೂಸ್ ಬೇಡ ಅಂದ್ರಲ್ಲ, ಆ ವೈರು ಆಗುಂಬೆ ಘಾಟೀಲಿ ಸುಟ್ಟೋಯ್ತು

ಗೆ,
ಆಟೋ ಎಲೆಕ್ಟ್ರಿಕಲ್ ಅಂಗಡಿ ಓನರ್ ಅವರಿಗೆ,
ಶಿವಮೊಗ್ಗ

ವಿಷಯ: ಜೂನ್ 18ಕ್ಕೆ ನೀವು ಮಾಡಿಕೊಟ್ಟ ಜೀಪಿನ ಚಾರ್ಜಿಂಗ್ ವೈರಿಂಗ್ ಕೆಲ್ಸದ ಬಗ್ಗೆ ದೂರು

ನಮಸ್ಕಾರ ಸರ್,

ಫೋನಲ್ಲಿ ನಾಲ್ಕು ಸಲ ಮಾತಾಡಿ ಆಯ್ತು, ನಾಲ್ಕು ಸಲಾನೂ "ಹಳೇ ಜೀಪ್ ಅಲ್ವಾ ಸರ್, ಹಂಗೆಲ್ಲ ಆಗತ್ತೆ" ಅಂತ್ಲೇ ಹೇಳಿ ಇಟ್ರಿ. ಅದ್ಕೇ ಬರೆದು ಕಳಿಸ್ತಿದೀನಿ, ಪೂರ್ತಿ ಓದಿ.

ನಂದು 1996ರ ಎಂಎಂ 540 ಜೀಪು, ನಿಮ್ಗೆ ನೆನಪಿರಬೇಕು, ಹಿಂದಿನ ಸೀಟಲ್ಲಿ ಅಡಿಕೆ ಚೀಲ ಇತ್ತು ಅಂತ ನಿಮ್ಮ ಹುಡುಗ ಬೈದಿದ್ದ. ಮಳೆಗಾಲ ಶುರುವಾದ್ರೆ ನಮ್ಮ ಕಡೆ ಮಂಜಿಗೆ ಫಾಗ್ ಲೈಟ್ ಇಲ್ದೆ ಆಗಲ್ಲ, ಹೆಡ್‌ಲೈಟು ಫಾಗ್ ಲೈಟು ವೈಪರ್ ಮೂರೂ ಒಟ್ಟಿಗೆ ಹಾಕಿದ್ರೆ ಹಳೇ ಆಲ್ಟರ್ನೇಟರ್, ಅಂದ್ರೆ ಎಂಜಿನ್ ಓಡುವಾಗ ಕರೆಂಟ್ ಮಾಡೋ ಡೈನಮೋ, ತಡ್ಕೋತಿರ್ಲಿಲ್ಲ, ಬ್ಯಾಟ್ರಿ ಇಳಿದು ಬೆಳಿಗ್ಗೆ ತಳ್ಳೋದೇ ಆಗಿತ್ತು. ಅದ್ಕೆ 65 ಆಂಪಿಯರ್ ಆಲ್ಟರ್ನೇಟರ್ ಹಾಕಿ, ಅಲ್ಲಿಂದ ಬ್ಯಾಟ್ರಿಗೆ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳ್ದು, ಕರೆಂಟ್ ಬ್ಯಾಟ್ರಿಗೆ ವಾಪಸ್ ಬರೋ ಎಂಜಿನ್ ಅರ್ತು ಬಾಡಿ ಅರ್ತು ಎರಡೂ ಹೊಸದು ಮಾಡಿ ಅಂತ ಬಾಯಿ ಬಿಟ್ಟು ಹೇಳಿದ್ದೆ. ನೀವೂ ಹಾಗೇ ಚೀಟಿ ಬರೆದ್ರಿ. ಒಟ್ಟು 14,600 ರೂಪಾಯಿ ಕೊಟ್ಟೆ. ಕೊಟ್ಟಿದ್ದು ಬಿಲ್ಲೂ ಅಲ್ಲ, ಎಸ್ಟಿಮೇಟ್ ಅಂತ ಬರೆದ ಬಿಳಿ ಚೀಟಿ, ಇರ್ಲಿ, ಗೂಗಲ್ ಪೇ ಮಾಡಿದ್ದು ಇದೆ.

ಕೆಲ್ಸ ನಡೀತಿರುವಾಗ ನಾನು ಅಲ್ಲೇ ಟೀ ಕುಡೀತಾ ನಿಂತಿದ್ದೆ. "ಬ್ಯಾಟ್ರಿ ಹತ್ರ ಒಂದು ಫ್ಯೂಸ್ ಹಾಕಲ್ವಾ" ಅಂತ ಕೇಳ್ದೆ. ಅದಕ್ಕೆ ನೀವೇ ಹೇಳಿದ ಮಾತು, "ಕರೆಂಟ್ ಆಲ್ಟರ್ನೇಟರಿಂದ ಬ್ಯಾಟ್ರಿಗೆ ಬರೋದು ಸರ್, ಬ್ಯಾಟ್ರಿಯಿಂದ ಆಚೆ ಹೋಗಲ್ಲ, ಅದಕ್ಯಾಕೆ ಫ್ಯೂಸು". ನಾನು ಅಡಿಕೆ ಬೆಳೆಯೋನು, ನೀವು ಮೂವತ್ತು ವರ್ಷದಿಂದ ಇದೇ ಕೆಲ್ಸ ಮಾಡೋರು, ನಂಬಿದೆ. ಇಡೀ ಪತ್ರದಲ್ಲಿ ನೀವು ಉತ್ತರ ಕೊಡ್ಬೇಕಾಗಿರೋದು ಈ ಒಂದು ಮಾತಿಗೆ.

ಶಿವಮೊಗ್ಗದಿಂದ ವಾಪಸ್ ಬರುವಾಗ್ಲೇ, ಮಂಡಗದ್ದೆ ದಾಟ್ತಿದ್ದ ಹಾಗೆ ಫಾಗ್ ಲೈಟ್ ಹಾಕಿದ್ರೆ ಹೆಡ್‌ಲೈಟ್ ಕೆಂಪಗೆ ಆಗೋದು ಗೊತ್ತಾಯ್ತು. ಮಾರನೇ ದಿನ ಫೋನ್ ಮಾಡಿದ್ರೆ ಸ್ವಲ್ಪ ರೇಸ್ ಕೊಟ್ಟು ಓಡ್ಸಿ ಅಂದ್ರಿ. ಪಕ್ಕದ ಮನೆ ಹುಡುಗ ಐಟಿಐ ಮಾಡಿದಾನೆ, ಅವನು ಮೀಟರ್ ತಂದು ಎಲ್ಲಾ ಲೈಟ್ ಹಾಕ್ಸಿ, ರೇಸ್ ಕೊಡ್ಸಿ ನೋಡ್ದ. ಆಲ್ಟರ್ನೇಟರ್ ಹತ್ರ 14.3 ವೋಲ್ಟ್, ಬ್ಯಾಟ್ರಿ ಹತ್ರ ಬರೀ 13.5. ಆಮೇಲೆ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಬೋಲ್ಟಿಗೆ, ಇನ್ನೊಂದು ಬ್ಯಾಟ್ರಿ ಪ್ಲಸ್ಸಿಗೆ ಇಟ್ಟ, 0.5 ತೋರಿಸ್ತು. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟ್ರಿ ಮೈನಸ್ಸಿಗೆ ಇಟ್ರೆ 0.3. ಅಂದ್ರೆ ಹೋಗೋ ದಾರೀಲೂ ವೋಲ್ಟ್ ನಷ್ಟ, ಬರೋ ದಾರೀಲೂ ನಷ್ಟ. ಆಲ್ಟರ್ನೇಟರ್ ಎಷ್ಟು ದೊಡ್ಡದಿದ್ರೂ ಅರ್ತ್ ವೈರ್ ಹಳೇದೇ ಇದ್ರೆ ಕರೆಂಟು ವಾಪಸ್ ಬರ್ಬೇಕಾಗಿರೋದು ಅದೇ ಕೊಳೆತ ವೈರಲ್ಲೇ ಅಲ್ವಾ ಮಾರಾಯ್ರೆ. ಬಗ್ಗಿ ನೋಡಿದ್ರೆ ಎಂಜಿನ್ನಿಂದ ಚಾಸಿಗೆ ಹೋಗೋ ಪಟ್ಟಿ ಅದೇ ಹಳೇದು, ಅರ್ಧ ಎಳೆ ಕಿತ್ತೋಗಿದೆ, ಮೇಲೆ ಕಪ್ಪು ಪೇಂಟ್ ಮಾತ್ರ ಹೊಸದು! ಪೇಂಟ್ ಹೊಡೆಯೋಕೆ ಟೈಮ್ ಇತ್ತು ನಿಮ್ಗೆ.

ಡ್ಯಾಶ್ ಮೇಲಿನ ಆಂಪಿಯರ್ ಮುಳ್ಳು ಈಗ ಅಲ್ಲಾಡಲ್ಲ ಅಂತ ನಾನು ದೂರು ಹೇಳ್ತಿಲ್ಲ. ಹೊಸ ವೈರು ಮೀಟರ್ ಬಿಟ್ಟು ನೇರ ಬ್ಯಾಟ್ರಿಗೆ ಹೋದ್ಮೇಲೆ ಅದು ಸುಮ್ನೆ ಇರತ್ತೆ, ಅದು ನಂಗೂ ಗೊತ್ತು. ಆಲ್ಟರ್ನೇಟರ್ ಕೂಡ ಒಳ್ಳೇದೇ ಕೊಟ್ಟಿದೀರ, ಸುಳ್ಳು ಹೇಳಲ್ಲ.

ಜುಲೈ 11, ಪುನರ್ವಸು ಮಳೆ ಹುಯ್ತಿತ್ತು. ಮಗಳು ಬೆಳಗಿನ ಜಾವದ ರೈಲಿಗೆ ಉಡುಪಿಲಿ ಇಳಿಯೋಳಿದ್ಲು, ಕರ್ಕೊಂಡು ಬರೋಣ ಅಂತ ತೀರ್ಥಹಳ್ಳಿಯಿಂದ ಮೂರೂವರೆಗೆ ಹೊರಟೆ. ಆಗುಂಬೆ ಘಾಟೀಲಿ ಇರೋ 14 ತಿರುವಲ್ಲಿ ಆರೋ ಏಳೋ ಇಳಿದಿದ್ದೆ ಅನ್ಸತ್ತೆ, ಹೆಡ್‌ಲೈಟು ಒಂದೇ ಸಲ ಬುಡ್ಡಿ ದೀಪದ ಥರ ಆಯ್ತು, ಪ್ಲಾಸ್ಟಿಕ್ ಸುಟ್ಟ ವಾಸ್ನೆ, ಬಾನೆಟ್ ಸಂದೀಲಿ ಹೊಗೆ. ಗೋಡೆ ಬದಿಗೆ ನಿಲ್ಸಿ ಸ್ಟಾಪ್ ನಾಬ್ ಎಳೆದು ಎಂಜಿನ್ ಆಫ್ ಮಾಡ್ದೆ, ಕೀನೂ ತೆಗ್ದೆ. ಹೊಗೆ ನಿಲ್ಲಲಿಲ್ಲ ಸರ್. ಎಂಜಿನ್ ನಿಂತಿದೆ, ಆಲ್ಟರ್ನೇಟರ್ ತಿರುಗ್ತಿಲ್ಲ, ಕೀ ನನ್ನ ಕೈಲಿದೆ, ಆದ್ರೂ ವೈರ್ ಉರೀತಿದೆ. ಬ್ಯಾಟ್ರಿಯಿಂದ ಆಚೆ ಕರೆಂಟ್ ಹೋಗಲ್ಲ ಅಂದ್ರಲ್ಲ, ಇದ್ಯಾವ ಕರೆಂಟು ಮತ್ತೆ?

ಬಾನೆಟ್ ಎತ್ತಿದ್ರೆ ಬ್ಯಾಟ್ರಿ ಟ್ರೇ ಅಂಚಲ್ಲಿ ಕೇಬಲ್ ಮೈ ಸುಲಿದು ಕೂತಿದೆ. ರಬ್ಬರ್ ಬುಷ್ ಇಲ್ಲ, ಸ್ಲೀವ್ ಇಲ್ಲ, ತಗಡಿನ ಚೂಪು ಅಂಚಿಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿದಿದ್ದೀರ, ಡೀಸೆಲ್ ಎಂಜಿನ್ ನಡುಕಕ್ಕೆ ಮೂರು ವಾರದಲ್ಲಿ ಉಜ್ಜಿ ಉಜ್ಜಿ ಬಾಡಿಗೆ ತಾಗಿದೆ, ಬ್ಯಾಟ್ರಿ ಕರೆಂಟೆಲ್ಲ ಅಲ್ಲೇ ಹರಿದಿದೆ. ಬ್ಯಾಟ್ರಿ ಹತ್ರ ಫ್ಯೂಸ್ ಇದ್ದಿದ್ರೆ ಅದು ಹೋಗಿ ಕರೆಂಟ್ ನಿಲ್ತಿತ್ತು. ಕೆಂಪು ಸಿಪ್ಪೆ ಕರಗಿ ಹನಿ ಹನಿಯಾಗಿ ಡೀಸೆಲ್ ಪೈಪ್ ಪಕ್ಕಕ್ಕೇ ಬೀಳ್ತಿತ್ತು, ಆ ಪೈಪಿಂದ ನಾಲ್ಕು ಬೆರಳು ದೂರ ಅಷ್ಟೆ. ಒದ್ದೆ ಗೋಣಿ ಕೈಗೆ ಸುತ್ಕೊಂಡು, ಸೀಟ್ ಕೆಳಗಿನ 10 ನಂಬರ್ ಸ್ಪ್ಯಾನರ್ ಹುಡುಕಿ, ಮೈನಸ್ ಟರ್ಮಿನಲ್ ಬಿಚ್ಚೋ ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ಅಷ್ಟೊತ್ತಿಗೆ ಕೆಳಗಿಂದ ಮೀನಿನ ಪಿಕಪ್ ಒಂದು ಬಂತು. "ಹ್ವಾಯ್, ಎಂತ ಆಯ್ತ್ ಮಾರ್ರೆ" ಅಂತ ಇಳಿದ ಡ್ರೈವರು ನನ್ಗಿಂತ ಚೆನ್ನಾಗಿ ತಿಳಿದೋನು. ಸುಟ್ಟ ಕೇಬಲ್ ಎರಡೂ ತುದಿ ಬಿಚ್ಚಿಸಿ, ಆಲ್ಟರ್ನೇಟರ್ ಹಿಂದಿನ ಸಣ್ಣ ಪ್ಲಗ್ಗೂ ಕೀಳಿಸಿ, ಬ್ಯಾಟ್ರಿ ವಾಪಸ್ ಕೊಟ್ಟ. ಪುಣ್ಯಕ್ಕೆ ಹಳೇ ಡೀಸೆಲ್ಲು, ಎಂಜಿನ್ ಓಡೋಕೆ ಕರೆಂಟ್ ಬೇಡ, ಇಳಿಜಾರಲ್ಲಿ ಎರಡನೇ ಗೇರಿಗೆ ಹಾಕಿ ಬಿಟ್ಟ ಕೂಡ್ಲೆ ಹಿಡೀತು. ಮುಂದಿನ ತಿರುವಲ್ಲಿ ತಿರುಗ್ಸಿ, ಇರೋ ಬ್ಯಾಟ್ರೀಲಿ ಡಿಮ್ ಲೈಟ್ ಒಂದೇ ಹಾಕ್ಕೊಂಡು, ಅವನ ಗಾಡಿ ಹಿಂದಿನ ಕೆಂಪು ದೀಪ ನೋಡ್ಕೊಂಡು ಆಗುಂಬೆ ಹತ್ತಿದೆ. ಹಳೇ ಜೀಪು ಅಂತೀರಲ್ಲ, ಆವತ್ತು ನನ್ನ ಮನೆ ಸೇರಿಸಿದ್ದೇ ಅದರ ಹಳೇತನ. ಮಗಳು ಸ್ಟೇಷನ್ನಲ್ಲಿ ಎರಡು ಗಂಟೆ ಕೂತು ಬಸ್ಸಿಗೆ ಬಂದ್ಲು.

ತೀರ್ಥಹಳ್ಳಿಲಿ ಮೆಕ್ಯಾನಿಕ್ ಆ ಕೇಬಲ್ ಕೈಲಿ ಎತ್ತಿದ್ದೇ ನಕ್ಬಿಟ್ಟ, "ಇದು ತಾಮ್ರದ ತೂಕ ಇಲ್ಲ". ಸುಡದೇ ಇರೋ ತುಂಡಿನ ಸಿಪ್ಪೆ ಸುಲಿದು ಒಂದು ಎಳೆ ತೆಗ್ದು ಬ್ಲೇಡಲ್ಲಿ ಕೆರೆದು ತೋರಿಸ್ದ. ಮೇಲೆ ಕೆಂಪು, ಕೆರೆದ ಕೂಡ್ಲೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ! ಅದೇ ದಪ್ಪದ ತಾಮ್ರಕ್ಕಿಂತ ಇದರಲ್ಲಿ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಅಂತೆ, ನೀರು ಕುಡಿದ್ರೆ ಲಗ್ಗಿನ, ಅಂದ್ರೆ ಕೇಬಲ್ ತುದಿಯ ಲೋಹದ ಕೊಂಡಿಯ, ಒಳಗೆ ಬಿಳಿ ಪುಡಿ ಆಗಿ ಇನ್ನೂ ಬಿಸಿ ಆಗತ್ತಂತೆ, ನಮ್ಮೂರ ಮಳೇಲಿ ಅದು ಎಷ್ಟು ದಿನ ಬರತ್ತೆ ನೀವೇ ಹೇಳಿ. ಲಗ್ಗುಗಳನ್ನ ಟೂಲಲ್ಲಿ ಒತ್ತಿ ಕ್ರಿಂಪ್ ಕೂಡ ಮಾಡಿಲ್ಲ, ಸುತ್ತಿಗೇಲಿ ಚಪ್ಪಟೆ ಮಾಡಿದ್ದಷ್ಟೆ, ಎಳೆದ್ರೆ ಕೈಗೇ ಬಂತು. ಅಳತೆಯೂ 16 ಅಲ್ಲ, 10 ಎಂಎಂ.

ಅವನು ನಿಜವಾದ ತಾಮ್ರದ 16 ಎಂಎಂ ಹಾಕಿ, ಎರಡೂ ಅರ್ತ್ ಬದಲಾಯ್ಸಿ, ಬ್ಯಾಟ್ರಿ ಪ್ಲಸ್ಸಿಂದ ಒಂದು ಗೇಣು ದೂರದಲ್ಲಿ 80 ಆಂಪಿಯರ್ ಫ್ಯೂಸ್ ಕೂರಿಸಿ 5,800 ತಗೊಂಡ. ಈಗ ಎಲ್ಲಾ ಲೈಟ್ ಹಾಕಿದ್ರೂ ಬ್ಯಾಟ್ರಿ ಹತ್ರ 14.1 ಇದೆ. ಆ ಫ್ಯೂಸು ಹೋಲ್ಡರ್ ಸೇರಿ 350 ರೂಪಾಯಿ ಸರ್. ಅಷ್ಟು ಜಾಸ್ತಿ ಕೇಳಿದ್ರೆ ನಾನು ಇಲ್ಲ ಅಂತಿದ್ನಾ?

ನಂಗೆ ಬೇಕಾಗಿರೋದು ಇಷ್ಟು. ಚೀಟೀಲಿ ಕೇಬಲ್ಲು, ಅರ್ತು, ವೈರಿಂಗ್ ಕೂಲಿ ಅಂತ ಬರೆದಿರೋ 5,400 ವಾಪಸ್, ಅದರ ಮೇಲೆ ತೀರ್ಥಹಳ್ಳೀಲಿ ಕೊಟ್ಟ 5,800. ಆಲ್ಟರ್ನೇಟರ್ ದುಡ್ಡು ಕೇಳಲ್ಲ. ನನ್ನ ಹಳೇ ಆಲ್ಟರ್ನೇಟರ್ ನೀವೇ ಇಟ್ಕೊಂಡಿದೀರಲ್ಲ, ಅದು ಗುಜರಿಗೆ ಹಾಕದೇ ಇದ್ರೆ ಅದೂ ಬೇಕು. ಇನ್ನೊಂದು, ಆವತ್ತು ನಿಮ್ಮ ಅಂಗಡಿ ಮುಂದೆ ಇದೇ ಕೆಂಪು ರೋಲಿಂದ ಇನ್ನೆರಡು ಗಾಡಿಗೆ ವೈರ್ ಕತ್ತರಿಸಿದ್ದು ನಾನೇ ನೋಡಿದೀನಿ, ಒಂದು ಹೊಸನಗರದ ಕಡೆ ಬೊಲೆರೋ. ಅವರಿಗೆ ಇವತ್ತೇ ಫೋನ್ ಮಾಡಿ, ನನ್ನ ದುಡ್ಡು ಆಮೇಲಾದ್ರೂ ಆಗತ್ತೆ.

15 ದಿನ ಕಾಯ್ತೀನಿ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕ್ತೀನಿ, 5 ಲಕ್ಷದ ಒಳಗಿನ ಕೆಲ್ಸಕ್ಕೆ ಅಲ್ಲಿ ಫೀಸೂ ಇಲ್ಲ. ಮೀಟರ್ ಇಟ್ಟು ನೋಡಿದ ವಿಡಿಯೋ, ಸುಟ್ಟ ಟ್ರೇ ಫೋಟೋ ಎಲ್ಲಾ ಇದರ ಜೊತೆ ಕಳಿಸಿದೀನಿ.

ಸೋಮವಾರ ಅಡಿಕೆ ಮಂಡಿಗೆ ಬರೋದಿದೆ. ಕೇಬಲ್ ತುಂಡು ತರ್ತೀನಿ, ಬ್ಲೇಡೂ ತರ್ತೀನಿ, ನೀವೇ ಕೆರೆದು ನೋಡಿ.

ಇಂತಿ,
ತೀರ್ಥಹಳ್ಳಿ ಕಡೆಯ ಜೀಪಿನವ