ಪಾಸಾದದ್ದು ಕ್ಯೂಬ್, ಕಟ್ಟಡವಲ್ಲ

ಮಾನ್ಯ ಸಂಪಾದಕರೇ,

ಕಳಪೆ ಕಾಮಗಾರಿಯ ಸುದ್ದಿ ಜಿಲ್ಲಾ ಪುಟದಲ್ಲಿ ಬಾರದ ವಾರವೇ ಇಲ್ಲ. ಒಂದೇ ಮಳೆಗಾಲಕ್ಕೆ ಜೆಲ್ಲಿ ಎದ್ದ ಸಿಸಿ ರಸ್ತೆ, ಉದ್ಘಾಟನೆಯಾದ ವರ್ಷವೇ ಸೋರುವ ಶಾಲಾ ಕೊಠಡಿ. ಸುದ್ದಿಯ ಕೊನೆಗೆ ಇಲಾಖೆಯ ಮಾತೂ ಇರುತ್ತದೆ: ಗುಣಮಟ್ಟ ಪರೀಕ್ಷೆ ಮಾಡಿಸಿಯೇ ಬಿಲ್ ಕೊಟ್ಟಿದ್ದೇವೆ. ಓದಿದವರು ಇದು ಸುಳ್ಳು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಸುಳ್ಳಲ್ಲ. ಪರೀಕ್ಷೆ ನಡೆದಿರುತ್ತದೆ, ರಿಪೋರ್ಟ್ ಫೈಲಿನಲ್ಲಿರುತ್ತದೆ, ಸೀಲು ಸಹಿ ಎಲ್ಲ ಸರಿ ಇರುತ್ತದೆ. ಆದರೂ ಸ್ಲ್ಯಾಬ್ ಸೋರುತ್ತದೆ. ಖಾಸಗಿ ಟೆಸ್ಟಿಂಗ್ ಲ್ಯಾಬೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಇದು ಹೇಗೆ ಸಾಧ್ಯ ಅನ್ನುವುದನ್ನು ಓದುಗರಿಗೆ ಹೇಳಬೇಕು ಅನ್ನಿಸಿತು.

ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ ಅದೇ ಕಾಂಕ್ರೀಟನ್ನು ಕಬ್ಬಿಣದ ಅಚ್ಚುಗಳಿಗೂ ತುಂಬಬೇಕು. 150 ಮಿ.ಮೀ. ಅಳತೆಯ ಚೌಕದ ಗಟ್ಟಿ, ತೂಕ ಸುಮಾರು 8 ಕೆ.ಜಿ. ಸೈಟಿನಲ್ಲಿ ಎಲ್ಲರೂ ಇದನ್ನು ಕ್ಯೂಬ್ ಅಂತಲೇ ಕರೆಯುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ 16ರಿಂದ 30 ಘನ ಮೀಟರ್ ಕಾಂಕ್ರೀಟಿಗೆ 3 ಮಾದರಿ ತೆಗೆಯಬೇಕು, ಒಂದೊಂದು ಮಾದರಿಗೆ 3 ಕ್ಯೂಬ್. ಎರಡು ಕೊಠಡಿಯ ಶಾಲೆಯ ಚಾವಣಿ ಹೆಚ್ಚುಕಡಿಮೆ ಈ ಲೆಕ್ಕಕ್ಕೆ ಬರುತ್ತದೆ. ಕ್ಯೂಬ್‌ಗಳನ್ನು ನೀರಿನಲ್ಲಿ ನೆನೆಸಿಟ್ಟು 28ನೇ ದಿನ ಮೆಷಿನ್‌ನಲ್ಲಿಟ್ಟು ಒಡೆಯುತ್ತಾರೆ. ಎಂ20 ಕಾಂಕ್ರೀಟ್ (ಚದರ ಮಿ.ಮೀ.ಗೆ 20 ನ್ಯೂಟನ್ ಬಲದ ಗ್ರೇಡ್) ಆದರೆ ಒಂದು ಕ್ಯೂಬ್ ಸುಮಾರು 45 ಟನ್ ಭಾರ ತಡೆಯಬೇಕು.

ಇಷ್ಟರವರೆಗೆ ವಿಧಾನದಲ್ಲಿ ಏನೂ ದೋಷವಿಲ್ಲ. ಒಡೆಯುವ ಮೆಷಿನ್ ಲಂಚ ತಿನ್ನುವುದಿಲ್ಲ. ತೊಂದರೆ ಇರುವುದು ಕ್ಯೂಬ್ ಲ್ಯಾಬಿನ ಬಾಗಿಲಿಗೆ ಬರುವ ಮುಂಚೆ. ಅದನ್ನು ಹಾಕುವವರು ಯಾರು? ಬಹಳಷ್ಟು ಕಡೆ ಗುತ್ತಿಗೆದಾರನ ಹುಡುಗರೇ. ತರುವ ಗಾಡಿ ಅವನದೇ. ಟೆಸ್ಟ್‌ನ ಫೀಸು ಕಟ್ಟುವವನೂ ಅವನೇ. ಇಲಾಖೆಯ ಕಿರಿಯ ಎಂಜಿನಿಯರ್, ಅಂದರೆ ಜೆಇ ಸಾಹೇಬರ ಸಹಿ ಇರುವ ಪತ್ರ ಜೊತೆಗೆ ಬರುತ್ತದೆ, ಸಾಹೇಬರು ಬರುವುದಿಲ್ಲ. ಪಾಪ, ಒಬ್ಬ ಜೆಇ ಕೈಯಲ್ಲಿ ಎಷ್ಟು ಕಾಮಗಾರಿ ಇರುತ್ತವೆ ಅನ್ನುವುದೂ ನಮಗೆ ಗೊತ್ತು. ಆದರೆ ಅವರು ಇಲ್ಲದ ಹೊತ್ತಿನಲ್ಲಿ ಕ್ಯೂಬ್‌ಗೆ ಅಂತಲೇ ಬೇರೆ ಮಿಕ್ಸ್ ಕಲಸುವುದು ಸುಲಭ. ಎರಡು ಬುಟ್ಟಿ ಸಿಮೆಂಟ್ ಜಾಸ್ತಿ, ನೀರು ಕಮ್ಮಿ. ಸಂತೆಯಲ್ಲಿ ಬಾಕ್ಸಿನ ಮೇಲುಗಡೆ ಮಾತ್ರ ಒಳ್ಳೆ ಟೊಮೆಟೊ ಜೋಡಿಸುತ್ತಾರಲ್ಲ, ಅದೇ ಕೆಲಸ.

ಲ್ಯಾಬಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ ಅಂತೇನಲ್ಲ. ಸೈಟಿನಲ್ಲಿ ನಿಜವಾಗಿ ಹಾಕಿದ ಕ್ಯೂಬ್‌ಗಳು ಒಂದೇ ಸಮ ಒಡೆಯುವುದಿಲ್ಲ. ಅದೇ ನ್ಯೂಟನ್ ಲೆಕ್ಕದಲ್ಲಿ ಒಂದು 24 ಬಂದರೆ ಇನ್ನೊಂದು 27, ಮತ್ತೊಂದು 23. ಒಂದು ಮಾದರಿಯ ಕ್ಯೂಬ್‌ಗಳು ಸರಾಸರಿಗಿಂತ ಶೇ 15ರವರೆಗೆ ಆಚೀಚೆ ಆದರೂ ನಡೆಯುತ್ತದೆ ಅಂತ ಮಾನಕವೇ ಒಪ್ಪುತ್ತದೆ. ಹಾಗಿರುವಾಗ ಬೇರೆ ಬೇರೆ ತಾರೀಖು, ಬೇರೆ ಬೇರೆ ಊರಿನ ಹೆಸರು ಬರೆದ ಕ್ಯೂಬ್‌ಗಳು ಸಾಲಾಗಿ 28.1, 28.3, 28.2 ಅಂತ ಬಂದರೆ, ಒಡೆದು ನೋಡಿದಾಗ ಒಳಗಿನ ಜೆಲ್ಲಿಯೂ ಒಂದೇ ಬಣ್ಣದ್ದಾದರೆ, ಅನುಮಾನ ಬಾರದೇ ಇರುತ್ತದೆಯೇ? ಆದರೆ ಲ್ಯಾಬು ಅದನ್ನು ಬರೆಯುವ ಹಾಗಿಲ್ಲ. ರಿಪೋರ್ಟಿನ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ, ದಯವಿಟ್ಟು ಒಮ್ಮೆ ಓದಿ: ಈ ಫಲಿತಾಂಶ ಪರೀಕ್ಷೆಗೆ ಬಂದ ಮಾದರಿಗೆ ಮಾತ್ರ ಅನ್ವಯ. ಲ್ಯಾಬುಗಳಿಗೆ ರಾಷ್ಟ್ರೀಯ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇರುವ ದೊಡ್ಡ ಲ್ಯಾಬಿನ ರಿಪೋರ್ಟಿನಲ್ಲೂ ಈ ಸಾಲು ಇರಲೇಬೇಕು. ಅಂದರೆ ಆ ಗಟ್ಟಿಗೆ ಲ್ಯಾಬು ಜವಾಬ್ದಾರಿ. ಆ ಗಟ್ಟಿ ನಿಮ್ಮೂರ ಶಾಲೆಯ ಚಾವಣಿಯದೇ ಅನ್ನುವುದಕ್ಕೆ ಯಾರೂ ಇಲ್ಲ.

ಇನ್ನೂ ಒಂದು ವಿಷಯವಿದೆ. ಕ್ಯೂಬನ್ನು ಪ್ರಾಮಾಣಿಕವಾಗಿಯೇ ಹಾಕಿದರು ಅನ್ನೋಣ. ಅದು 28 ದಿನ ತೊಟ್ಟಿಯಲ್ಲಿ ಹಾಯಾಗಿ ಮುಳುಗಿರುತ್ತದೆ. ಸ್ಲ್ಯಾಬಿಗೆ ಆ ಭಾಗ್ಯ ಎಲ್ಲಿದೆ? ಈಗ ಹೆಚ್ಚಾಗಿ ಬಳಸುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ನೀರುಣಿಸುವುದು, ಬೇಕು. ಏಪ್ರಿಲ್ ತಿಂಗಳಲ್ಲಿ, ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ, ಮಾರ್ಚ್ ಬಿಲ್ಲಿನ ಅವಸರಕ್ಕೆ ಹಾಕಿದ ಸ್ಲ್ಯಾಬಿಗೆ ಎಷ್ಟು ದಿನ ನೀರು ಬಿದ್ದಿರುತ್ತದೆ ಅಂತ ಊರಿನವರಿಗೇ ಗೊತ್ತು. ನೀರು ಬೇಕಾದಾಗ ಇಲ್ಲ, ಬೇಡವಾದಾಗ ಧಾರಾಳ. ಮಾಮೂಲಿ ಆರ್‌ಸಿಸಿ ಕೆಲಸಕ್ಕೆ 50 ಕೆ.ಜಿ. ಸಿಮೆಂಟ್ ಚೀಲವೊಂದಕ್ಕೆ ಕಲಸುವ ನೀರು ಸುಮಾರು 27 ಲೀಟರ್ ದಾಟಬಾರದು. ಕಲಸಲು ಸಲೀಸಾಗಲಿ ಅಂತ ಮಿಕ್ಸರ್‌ಗೆ ಬಕೆಟ್ ಮೇಲೆ ಬಕೆಟ್ ಸುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅಂತ ಅಳೆಯುವ ಸ್ಲಂಪ್ ಕೋನ್ ಅನ್ನುವ ಒಂದು ತಗಡಿನ ಪಾತ್ರೆ ಇದ್ದರೆ ಐದು ನಿಮಿಷದಲ್ಲಿ ಇದು ಬಯಲಾಗುತ್ತದೆ. ಎಷ್ಟೋ ಸೈಟುಗಳಲ್ಲಿ ಅದು ಗೋಡೌನಿನಲ್ಲೇ ತುಕ್ಕು ಹಿಡಿಯುತ್ತಿರುತ್ತದೆ.

ಆದ್ದರಿಂದ ಕ್ಯೂಬ್ ಜೊತೆಗೆ ಕಟ್ಟಡದಿಂದಲೇ ಕೋರ್, ಅಂದರೆ ಕೊರೆದು ತೆಗೆದ ಕೊಳವೆಯಾಕಾರದ ಕಾಂಕ್ರೀಟ್ ತುಂಡು, ತೆಗೆದು ಒಡೆದು ನೋಡಬೇಕು. ಕನಿಷ್ಠ 3 ಕೋರ್. ಸರಾಸರಿ ಬಲ ಹೇಳಿದ ಗ್ರೇಡಿನ ಶೇ 85ಕ್ಕಿಂತ ಕಮ್ಮಿ ಇರಬಾರದು, ಯಾವ ಒಂದೂ ಶೇ 75ಕ್ಕಿಂತ ಕೆಳಗೆ ಇಳಿಯಬಾರದು. ಇದು ಐಎಸ್ 456ರಲ್ಲೇ ಇದೆ. ಈಗ ಕೋರ್ ತೆಗೆಯುವುದು ಗಲಾಟೆ ಆದ ಮೇಲೆ ಮಾತ್ರ. ಅದಕ್ಕೂ ಮುಂಚೆ ಯಾರೋ ಬಂದು ರೀಬೌಂಡ್ ಹ್ಯಾಮರ್‌ನಿಂದ (ಬಡಿತ ಎಷ್ಟು ಪುಟಿಯುತ್ತದೆ ಅನ್ನುವುದರಿಂದ ಬಲ ಅಂದಾಜಿಸುವ ಸಾಧನ) ನಾಲ್ಕು ಕಡೆ ಕುಟ್ಟಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆ ಹ್ಯಾಮರ್ ಹೇಳುವ ಬಲದಲ್ಲಿ ಶೇ 25ರಷ್ಟು ಹೆಚ್ಚುಕಮ್ಮಿ ಇರಬಹುದು. ಅನುಮಾನ ಪಡಲು ಅದು ಸಾಕು, ತೀರ್ಮಾನಕ್ಕೆ ಸಾಲದು.

ಕಟ್ಟಿದ ಮೇಲೆ ತಪಾಸಣೆ ಎಷ್ಟು ದುಬಾರಿ ಅನ್ನುವುದಕ್ಕೆ ಬೆಂಗಳೂರಿನ ಪೀಣ್ಯ ಮೇಲ್ಸೇತುವೆ ನೆನಪಿಸಿಕೊಂಡರೆ ಸಾಕು. ಅಲ್ಲಿ ತೊಂದರೆ ಕಂಡದ್ದು ಒಳಗಿನ ಕೇಬಲ್‌ಗಳಲ್ಲಿ, ಅದರ ಕಥೆ ಬೇರೆ. 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಸೇತುವೆಯನ್ನು 2022ರಲ್ಲಿ ಸಣ್ಣ ವಾಹನಗಳಿಗೆ ಬಿಟ್ಟರು. ಭಾರ ತುಂಬಿದ ಲಾರಿಗಳನ್ನು ನಿಲ್ಲಿಸಿ ಲೋಡ್ ಟೆಸ್ಟ್ ಮಾಡಿ, ಬಸ್ಸು ಲಾರಿಗಳಿಗೆ ದಾರಿ ಬಿಡುವ ಹೊತ್ತಿಗೆ 2024ರ ಜುಲೈ ಬಂತು. ಅಷ್ಟು ಕಾಲ ತುಮಕೂರು ರಸ್ತೆಯಲ್ಲಿ ಸಿಕ್ಕಿಕೊಂಡವರ ಕಷ್ಟ ಯಾವ ಎಸ್ಟಿಮೇಟಿನಲ್ಲೂ ಇಲ್ಲ.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಮೂರು ಹಂತದ ತಪಾಸಣೆ ಇದೆ. ಸ್ಥಳೀಯ ಇಲಾಖೆಯ ಮೇಲೆ ರಾಜ್ಯದ ಮಾನಿಟರ್, ಅದರ ಮೇಲೆ ಕೇಂದ್ರದಿಂದ ಬರುವ ರಾಷ್ಟ್ರೀಯ ಮಾನಿಟರ್. ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು. ತಪಾಸಣೆಯ ವಿವರ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಲ್ಲೂ ಕಳಪೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಮೇಲಿನಿಂದ ಬರುವವನಿಗೆ ಗುತ್ತಿಗೆದಾರ ಸಂಬಳ ಕೊಡುವುದಿಲ್ಲ, ಅಷ್ಟೇ ದೊಡ್ಡ ವ್ಯತ್ಯಾಸ. ನಮ್ಮ ಪಂಚಾಯಿತಿ, ಪುರಸಭೆಗಳ ತುಂಡು ಗುತ್ತಿಗೆ ಕೆಲಸಗಳಿಗೆ ಇಂಥ ಕಣ್ಗಾವಲು ಎಲ್ಲಿದೆ?

ನಾನು ಕೇಳುವುದು ಹೊಸ ಲ್ಯಾಬನ್ನಲ್ಲ, ಹೊಸ ಮೆಷಿನ್ನನ್ನೂ ಅಲ್ಲ. ಮಾದರಿ ತೆಗೆಯುವ ಕೆಲಸವನ್ನು ಗುತ್ತಿಗೆದಾರನ ಕೈಯಿಂದ ಬಿಡಿಸಿ. ಟೆಸ್ಟ್‌ನ ಹಣವನ್ನು ಇಲಾಖೆ ಮೊದಲೇ ಹಿಡಿದುಕೊಂಡು ಲ್ಯಾಬಿಗೆ ನೇರವಾಗಿ ಕೊಡಲಿ. ಕಾಂಕ್ರೀಟ್ ಹಾಕುವ ದಿನ ಲ್ಯಾಬಿನವರೇ ಸೈಟಿಗೆ ಬಂದು ಕ್ಯೂಬ್ ಹಾಕಲಿ. ಪ್ರತಿ ಜಿಲ್ಲೆಯಲ್ಲೂ ಪಾಲಿಟೆಕ್ನಿಕ್ ಇದೆ, ಸಿವಿಲ್ ಓದುವ ಮಕ್ಕಳಿದ್ದಾರೆ. ಸ್ವಲ್ಪ ಭತ್ಯೆ ಕೊಟ್ಟರೆ ಖುಷಿಯಿಂದ ಬರುತ್ತಾರೆ, ಅವರಿಗೂ ಕಲಿತಂತಾಗುತ್ತದೆ. ರಿಪೋರ್ಟ್ ವೆಬ್‌ಸೈಟಿಗೆ ಏರಿದ ಮೇಲೆಯೇ ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕ, ಅಂದರೆ ಎಂಬಿ, ಬರೆಯಲಿ.

ಸರ್ಕಾರ ಮಾಡುವವರೆಗೆ ಸುಮ್ನೆ ಕೂರಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಜೆ) ಕಾಗದದ ನಕಲಿಗೆ ಮಾತ್ರ ಸೀಮಿತವಲ್ಲ. ಕಾಮಗಾರಿಯನ್ನು ಹೋಗಿ ನೋಡುವ ಹಕ್ಕು, ಬಳಸಿದ ವಸ್ತುವಿನ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಅರ್ಜಿಗೆ 10 ರೂಪಾಯಿ. ಬರೆಯುವಾಗ ಬರೀ ಟೆಸ್ಟ್ ರಿಪೋರ್ಟ್ ಕೇಳಬೇಡಿ, ಅದು ಹೇಗೂ ಪಾಸಾಗಿಯೇ ಇರುತ್ತದೆ. ಕ್ಯೂಬ್ ರಿಜಿಸ್ಟರ್ ಕೇಳಿ, ಕಾಂಕ್ರೀಟ್ ಹಾಕಿದ ದಿನದ ಸೈಟ್ ದಾಖಲೆ ಕೇಳಿ, ಲ್ಯಾಬಿಗೆ ಮಾದರಿ ತಲುಪಿದ ತಾರೀಖು ಕೇಳಿ. ಮೂರನ್ನೂ ಪಕ್ಕಪಕ್ಕ ಇಟ್ಟು, ಕ್ಯೂಬ್ ಹಾಕಿದ ದಿನ ನಿಮ್ಮೂರಲ್ಲಿ ನಿಜಕ್ಕೂ ಕಾಂಕ್ರೀಟ್ ಹಾಕಿದ್ದರೋ ಇಲ್ಲವೋ ನೋಡಿ.

ಇಂತಿ,
ನಿಮ್ಮ ಓದುಗ
ದಾವಣಗೆರೆ