ಕಮಾಂಡ್ ಜೊತೆ ಕಾರಣವನ್ನೂ ಹೇಳಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಎಷ್ಟೋ ಪುಸ್ತಕಗಳು ಕಮಾಂಡ್‌ಗಳ, ಅಂದರೆ ಟೈಪ್ ಮಾಡಿ ಕೊಡುವ ಆಜ್ಞೆಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತವೆ. ನಾನು ಕಲಿಯಲು ಶುರು ಮಾಡಿದಾಗ ‘ಸಿಎಚ್‌ಮಾಡ್ 644’ ಎಂದು ಟೈಪ್ ಮಾಡಿ ಅಂತಷ್ಟೇ ಪುಸ್ತಕದಲ್ಲಿತ್ತು. ಒಂದು ಫೈಲಿನಲ್ಲಿ ಯಾರು ಏನು ಮಾಡಬಹುದು ಎಂದು ಗೊತ್ತುಮಾಡುವ ಕಮಾಂಡ್ ಅದು. ಆದರೆ ಆ 644 ಏನು ಅಂತ ಎಲ್ಲೂ ಇರಲಿಲ್ಲ. ಓದಲು 4, ಬರೆಯಲು 2, ಚಲಾಯಿಸಲು 1. ಮೊದಲ ಅಂಕಿ ಫೈಲಿನ ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. 4ಕ್ಕೆ 2 ಸೇರಿದರೆ 6, ಅಂದರೆ ಒಡೆಯ ಓದಬಹುದು, ಬರೆಯಲೂಬಹುದು. ನಾಲ್ಕು ಸಾಲಿನ ಮಾತು, ಅಲ್ವಾ? ಇದು ಗೊತ್ತಿಲ್ಲದವರು ಸುಮ್ನೆ 777 ಹಾಕಿ, ಯಾರು ಬೇಕಾದರೂ ತಿದ್ದುವಂತೆ ಫೈಲನ್ನು ತೆರೆದಿಟ್ಟುಬಿಡುತ್ತಾರೆ.

ಲಿನಕ್ಸ್‌ಗೆ ಮಾದರಿಯಾದ ಹಳೆಯ ಕಾರ್ಯವ್ಯವಸ್ಥೆ ಯುನಿಕ್ಸ್. 1971ರಲ್ಲಿ ಬಂದ ಅದರ ಮೊದಲ ಕೈಪಿಡಿಯಲ್ಲಿ ಕಮಾಂಡ್‌ಗಳಿಗೆ ಒಂದು ಭಾಗ, ಪ್ರೋಗ್ರಾಮುಗಳು ಕಾರ್ಯವ್ಯವಸ್ಥೆಯಿಂದ ಕೆಲಸ ಕೇಳುವ ಸಿಸ್ಟಮ್ ಕಾಲ್‌ಗಳಿಗೆ ಇನ್ನೊಂದು ಭಾಗ ಇತ್ತು. ಪ್ರೋಗ್ರಾಮಿನ ದೋಷಗಳನ್ನು ಬರೆಯಲೆಂದೇ ಬೇರೆ ತಲೆಬರಹವಿತ್ತು. ಆ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಈಗ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಕಮಾಂಡ್ ಪಕ್ಕ ಅದು ಯಾಕೆ, ತಪ್ಪಾದರೆ ಏನು ಮಾಡಬೇಕು ಎಂದು ಬರೆಯಿರಿ. ‘ಆರ್‌ಎಂ’ ಅಳಿಸಿದ ಫೈಲು ಕಸದ ಬುಟ್ಟಿಗೆ ಹೋಗುವುದಿಲ್ಲ ಎಂಬುದನ್ನು ಆ ಕಮಾಂಡ್ ಕಲಿಸುವ ಮೊದಲೇ ಹೇಳಿ.

– ಒಬ್ಬ ಓದುಗ